ಇಂದಿನ ಚಿಂತನೆ: ಮೋತ್ಯಾನ ಒಂಬತ್ತು ದಿನ



ಇಂದಿನ ಚಿಂತನೆ ದಿನದಂತೆ ಚಿಕ್ಕದಿಲ್ಲ. ಚಹಾ ಕುಡಿಯುತ್ತ ಓದಿ, ಇಲ್ಲವೆ ಸಂಜೆಗೆ ಇಟ್ಟುಕೊಳ್ಳಿ. ಕಳೆದ ಭಾನುವಾರ ಬಾಗಲಕೋಟೆಯ ಬೈಠಕ್‌ನಲ್ಲಿ ಪಂಚಶೀಲದ ಮೊದಲನೆಯದರ ಮೇಲೆ ಮಾತು ನಡೆದಿತ್ತು. ನವನಗರದಿಂದ ಬರುವ ತಂಗಿಯೊಬ್ಬರು ಕೇಳಿದರು: "ಸರ್, ವಾಸಿ ಆಗದ ನಾಯಿಗೆ ಡಾಕ್ಟರು ಇಂಜೆಕ್ಷನ್ ಕೊಟ್ಟು ಮಲಗಿಸ್ತಾರಲ್ರಿ, ಅದಕ್ಕ ಹೂಂ ಅಂದ್ರ ಶೀಲ ಮುರೀತೈತೇನ್ರಿ?" ವಯಸ್ಸಿನಲ್ಲಿ ಹಿರಿಯನೆಂದು ಎಲ್ಲರೂ ನನ್ನ ಮುಖ ನೋಡಿದರು. "ಬರದು ಹಾಕ್ತೀನ್ರಿ" ಎಂದು ಜಾರಿಕೊಂಡೆ. ಉತ್ತರ ಗೊತ್ತಿರಲಿಲ್ಲ ಎಂಬುದು ಅರ್ಧ ಸತ್ಯ. ಆ ಇಂಜೆಕ್ಷನ್‌ಗೆ ನಾನೊಮ್ಮೆ "ಬ್ಯಾಡ" ಅಂದಿದ್ದೆ. ಬಳಗದಲ್ಲಿ ಯಾರಿಗೂ ಈತನಕ ಹೇಳಿರಲಿಲ್ಲ.

ಮೋತ್ಯಾ ನಾವು ತಂದು ಸಾಕಿದ ನಾಯಿಯಲ್ಲ. ಇಳಕಲ್‌ನ ನಮ್ಮ ಓಣಿಯಲ್ಲೇ ಹುಟ್ಟಿ, ರಾತ್ರಿ ನಮ್ಮ ಮನೆಯ ರೊಟ್ಟಿ ಮಜ್ಜಿಗೆ ಉಂಡು, ಕಟ್ಟೆಯ ಮೇಲೆ ಮಲಗುತ್ತಿತ್ತು. ಹುನಗುಂದದಿಂದ ಇಳಕಲ್ ಹಾಯ್ದು ಕುಷ್ಟಗಿ ಕಡೆ ಹೋಗುವ ಹೆದ್ದಾರಿ ನಿಮಗೆ ಗೊತ್ತೇ ಇದೆ. ಕೆಂಪು ಗ್ರಾನೈಟಿನ ದಿಮ್ಮಿ ಹೊತ್ತ ಲಾರಿಗಳು ಹಗಲು ರಾತ್ರಿ ಓಡುತ್ತವೆ. ಒಂದು ಬೆಳಗ್ಗೆ ಅಂಥದೊಂದು ಲಾರಿ ಹಾಯ್ದುಹೋಯಿತು. ಮೋತ್ಯಾ ಮುಂಗಾಲ ಮೇಲೆ ತನ್ನನ್ನೇ ಎಳೆದುಕೊಂಡು ಓಣಿಯ ಬಾಯಿಯವರೆಗೆ ಬಂದಿತ್ತು. ಹಿಂಗಾಲು ಎರಡೂ ಒದ್ದೆ ಬಟ್ಟೆಯಂತೆ ಹಿಂದೆ ಬರುತ್ತಿದ್ದವು.

ಗೋಣಿಚೀಲದಲ್ಲಿ ಮಲಗಿಸಿ, ಟಂಟಂನಲ್ಲಿ ಹಾಕಿಕೊಂಡು ದವಾಖಾನೆಗೆ ಹೋದೆ. ಡಾಕ್ಟರು ಬೆನ್ನ ಮೇಲೆ ಬೆರಳಾಡಿಸಿದರು, ಹಿಂಗಾಲಿನ ಬೆರಳ ಸಂದಿಯಲ್ಲಿ ಚಿಮಟದಿಂದ ಚಿವುಟಿದರು. ಅದಕ್ಕೆ ಗೊತ್ತೇ ಆಗಲಿಲ್ಲ. "ಮಾಸ್ತರ್ರ, ಬೆನ್ನೆಲುಬು ಮುರದೈತ್ರಿ. ಹಿಂಗಾಲು ತಿರುಗಿ ಬರೂದಿಲ್ಲ. ಉಚ್ಚಿ ಸೈತ ತಾನಾಗಿ ಹೋಗೂದಿಲ್ಲ. ನೀವು ಹೂಂ ಅಂದ್ರ ನೋವಿಲ್ಲದಂಗ ಮಲಗಿಸ್ತೀನ್ರಿ" ಎಂದರು. ನಾನು, "ಬ್ಯಾಡ್ರಿ ಡಾಕ್ಟರ್ರ, ನಾವು ಪಂಚಶೀಲ ತಗೊಂಡವ್ರು" ಎಂದೆ. ಹೇಳುವಾಗ ಎದೆ ಸ್ವಲ್ಪ ಉಬ್ಬಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಅವರು ವಾದ ಮಾಡಲಿಲ್ಲ. ಅವತ್ತಿನ ನೋವಿಗೆ ಇಂಜೆಕ್ಷನ್ ಕೊಟ್ಟು, "ನಾಳೆನೂ ಕರ್ಕೊಂಡು ಬರ್ರಿ, ನೋವು ತಡೀಲಿಕ್ಕೆ ದಿನಾ ಕೊಡಬೇಕಾಗ್ತದ" ಎಂದರು.

ನಾನು ಮರುದಿನ ಹೋಗಲಿಲ್ಲ. ಟಂಟಂನ ಕುಲುಕಾಟಕ್ಕೆ ಇನ್ನೂ ನೋವಾದೀತು ಎಂದುಕೊಂಡೆ. ಮೂರನೆಯ ದಿನ ಅದು ನರಳುವುದನ್ನು ಕೇಳಲಾರದೆ, ನನ್ನ ಮೊಣಕಾಲಿಗೆಂದು ತಂದಿದ್ದ ನೋವಿನ ಗುಳಿಗೆಯಲ್ಲಿ ಅರ್ಧ ಮುರಿದು ಬೆಲ್ಲದಲ್ಲಿ ಹಾಕಿ ನುಂಗಿಸಿದೆ. ಮರುದಿನವೂ ಅರ್ಧ. ಅದು ಕರ್ರಗೆ ವಾಂತಿ ಮಾಡಿತು. ಮನುಷ್ಯರು ನೋವಿಗೆ ನುಂಗುವ ಐಬುಪ್ರೊಫೇನ್‌ನಂಥ ಗುಳಿಗೆ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ ಎಂದು ನನಗೆ ತಿಳಿದದ್ದು ಆಮೇಲೆ. ಮನೆಯಲ್ಲಿ ನಾಯಿ ಬೆಕ್ಕು ಇದ್ದವರು ಇದೊಂದು ಮಾತನ್ನಾದರೂ ಇಂದಿನ ಓದಿನಿಂದ ತೆಗೆದುಕೊಳ್ಳಿ: ನಿಮ್ಮ ಡಬ್ಬಿಯ ಗುಳಿಗೆ ಅವಕ್ಕೆ ಕೊಡಬೇಡಿ. ಬೆಕ್ಕಿಗಂತೂ ಜ್ವರದ ಪ್ಯಾರಾಸಿಟಮಾಲ್ ಒಂದೇ ಸಾಕು, ಜೀವ ತೆಗೆಯುತ್ತದೆ.

ಐದನೆಯ ದಿನಕ್ಕೆ ತೊಡೆಯ ಅಡಿ ಹುಣ್ಣಾಯಿತು, ಆರಕ್ಕೆ ಹುಳ ಬಿದ್ದವು. ನನ್ನ ಹೆಂಡತಿ ಬೆಚ್ಚಗಿನ ನೀರಿನಿಂದ ತೊಳೆದು ಒಂದೊಂದೇ ತೆಗೆಯುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ಮೆತ್ತ ಸುತ್ತ ಹೇಳುತ್ತಿದ್ದೆ. ಏಳನೆಯ ದಿನ ಅವಳು ತಲೆಯೆತ್ತದೆ ಕೇಳಿದಳು: "ಅಲ್ರೀ, ಇದನ್ನ ನೀವು ಹೇಳೂದು ಅದಕ್ಕೋ, ನಿಮಗೋ?"

ಒಂಬತ್ತನೆಯ ದಿನ ನಸುಕಿನಲ್ಲಿ ಮೋತ್ಯಾ ಸತ್ತಿತು. ಆ ಪ್ರಶ್ನೆ ಮಾತ್ರ ಮನೆಯಲ್ಲೇ ಉಳಿಯಿತು.

ಶಾಸ್ತ್ರ ಏನು ಹೇಳುತ್ತದೆ ಎಂದು ಆಮೇಲೆ ಹುಡುಕಿದೆ. ವಿನಯಪಿಟಕದಲ್ಲಿ ಎರಡು ಪ್ರಸಂಗಗಳಿವೆ. ಬೇಟೆಗಾರನ ಬಲೆಗೆ ಸಿಕ್ಕ ಪ್ರಾಣಿಯನ್ನು ಭಿಕ್ಷುವೊಬ್ಬ ಕನಿಕರಪಟ್ಟು ಬಿಡಿಸಿ ಓಡಿಸುತ್ತಾನೆ. ಲೆಕ್ಕಕ್ಕೆ ಅದು ಇನ್ನೊಬ್ಬನ ಸೊತ್ತು, ಕಳವು. ಕರುಣೆಯಿಂದ ಮಾಡಿದ್ದಾದ್ದರಿಂದ ದೋಷವಿಲ್ಲ ಎಂದರು ಬುದ್ಧರು. ಇನ್ನೊಂದರಲ್ಲಿ, ಕಾಯಿಲೆ ಬಿದ್ದ ಭಿಕ್ಷುವಿನ ಸಂಕಟ ನೋಡಲಾರದೆ ಜೊತೆಯವರು ಅವನೆದುರು ಸಾವನ್ನು ಹೊಗಳುತ್ತಾರೆ. ಅವನು ಸಾಯುತ್ತಾನೆ. ಇವರದೂ ಕರುಣೆಯೇ, ಆದರೂ ಸಂಘದಿಂದ ಹೊರಬೀಳುವಂಥ ಪಾರಾಜಿಕ ದೋಷ ಬಂತು. ಒಂದೇ ಕರುಣೆ ಒಂದು ಕಡೆ ಬಿಡಿಸಿತು, ಇನ್ನೊಂದು ಕಡೆ ಬಿಡಿಸಲಿಲ್ಲ. ಎರಡನೆಯದು ಮನುಷ್ಯನ ವಿಷಯ ಎನ್ನುವುದು ನಿಜ. ಪ್ರಾಣಿಯನ್ನು ಕೊಂದ ಭಿಕ್ಷುವಿಗೆ ಬರುವುದು ಪಾಚಿತ್ತಿಯ, ಒಪ್ಪಿಕೊಂಡು ತಿದ್ದಿಕೊಳ್ಳಬೇಕಾದ ತಪ್ಪು. ನಾವು ಗೃಹಸ್ಥರು, ವಿನಯ ನಮಗೆ ಕಾನೂನಲ್ಲ. ಆದರೂ ಕೊಲ್ಲುವುದಕ್ಕೆ ಅಟ್ಠಕಥೆಗಳು ಹೇಳುವ ಐದು ಅಂಗಗಳನ್ನು, ಅಂದರೆ ಜೀವವಿರುವುದು, ಜೀವವಿದೆ ಎಂದು ತಿಳಿದಿರುವುದು, ಕೊಲ್ಲುವ ಮನಸ್ಸು, ಪ್ರಯತ್ನ, ಸಾವು, ಇವನ್ನು ಆ ಇಂಜೆಕ್ಷನ್ ಎದುರು ಇಟ್ಟು ನೋಡಿದರೆ ಐದೂ ಕೂಡುತ್ತವೆ. ಈ ಲೆಕ್ಕದಲ್ಲಿ ನಾನು ಮಾಡಿದ್ದು ಸರಿ.

ನಮ್ಮ ನೆಲದ ಕಾನೂನು ಬೇರೆ ದಾರಿ ಹಿಡಿದಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, ಬದುಕಿಸಿಡುವುದೇ ಕ್ರೌರ್ಯವಾಗುವಷ್ಟು ಗಾಯಗೊಂಡ ಪ್ರಾಣಿಗೆ ನೋವಿಲ್ಲದ ಸಾವು ಕೊಡಲು ಅವಕಾಶ ಇಟ್ಟಿದೆ. ಕಾಯ್ದೆಯ ಮಾತಿಗಿಂತ ನನ್ನನ್ನು ಹೆಚ್ಚು ಅಲುಗಿಸಿದ್ದು ಬಾಬಾಸಾಹೇಬರು. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅಹಿಂಸೆಯ ಬಗ್ಗೆ ಬರೆಯುವಾಗ ಅವರು ತತ್ವ ಬೇರೆ, ನಿಯಮ ಬೇರೆ ಎನ್ನುತ್ತಾರೆ. ಬುದ್ಧರು ಅಹಿಂಸೆಯನ್ನು ತತ್ವವಾಗಿ ಕೊಟ್ಟರು, ತತ್ವವು ಮನುಷ್ಯನಿಗೆ ಯೋಚಿಸಿ ನಡೆಯುವ ಜಾಗ ಬಿಡುತ್ತದೆ ಎಂಬುದು ಅವರ ವಾದ. ಕೊಲ್ಲುವ ಆಸೆಯನ್ನೂ ಕೊಲ್ಲಬೇಕಾದ ಅಗತ್ಯವನ್ನೂ ಅವರು ಬೇರೆ ಮಾಡಿ ನೋಡಿದರು. ಇದನ್ನು ನಾನು ಬೈಠಕ್‌ಗಳಲ್ಲಿ ಹತ್ತು ಸಲ ವಿವರಿಸಿದ್ದೆ. ಗೋಣಿಚೀಲ ಕೈಯಲ್ಲಿದ್ದಾಗ ನೆನಪಾಗಲಿಲ್ಲ. ನನಗಾಗ ಬೇಕಿದ್ದದ್ದು ನಿಯಮವೇ, ಯೋಚಿಸುವ ಕೆಲಸ ತಪ್ಪಿಸುವಂಥದ್ದು.

ಹಾಗಂತ ಆ ದಿನ ಹೂಂ ಅನ್ನಬೇಕಿತ್ತು ಎಂದು ತೀರ್ಪು ಕೊಡಲು ಕೂತಿಲ್ಲ. ನನ್ನನ್ನು ಚುಚ್ಚುವುದು ಬೇರೆ. ಇರುವುದು ಎರಡೇ ದಾರಿ, ಕೊಲ್ಲುವುದು ಇಲ್ಲವೆ ಬಿಡುವುದು ಎಂದುಕೊಂಡೆ. ಮೂರನೆಯದನ್ನು ಡಾಕ್ಟರು ಬಾಯಿಬಿಟ್ಟು ಹೇಳಿದ್ದರು, ದಿನಾ ಬನ್ನಿ ಅಂತ. ರೋಗಿಯ ಆರೈಕೆ ಮಾಡುವವನಿಗೆ ಇರಬೇಕಾದ ಐದು ಗುಣಗಳನ್ನು ಮಹಾವಗ್ಗ ಹೇಳುತ್ತದೆ: ಮದ್ದು ಸಿದ್ಧಮಾಡಲು ಬರಬೇಕು, ಯಾವುದು ಒಗ್ಗುತ್ತದೆ ಯಾವುದು ಒಗ್ಗುವುದಿಲ್ಲ ಎಂದು ತಿಳಿದಿರಬೇಕು, ಲಾಭಕ್ಕಾಗಿ ಮಾಡಬಾರದು, ಮಲಮೂತ್ರಕ್ಕೆ ಹೇಸಬಾರದು, ಒಳ್ಳೆಯ ಮಾತಿನಿಂದ ಧೈರ್ಯ ತುಂಬಬೇಕು. ನಾನು ಕೊನೆಯದೊಂದನ್ನೇ ಮಾಡಿದೆ, ಅದೂ ನಾಯಿಗೆ ತಿಳಿಯದ ಪಾಲಿಯಲ್ಲಿ. ಉಳಿದದ್ದರಲ್ಲಿ ಎರಡನೆಯದರಲ್ಲಿ ಸೋತೆ, ನಾಲ್ಕನೆಯದನ್ನು ಹೆಂಡತಿಗೆ ಬಿಟ್ಟೆ. ಶೀಲ ಕಾಪಾಡಿಕೊಂಡೆ, ಖರ್ಚನ್ನು ನಾಯಿ ಕೊಟ್ಟಿತು.

ಇಲ್ಲಿಂದ ಮುಂದೆ ಹೆಂಡತಿಯ ಪ್ರಶ್ನೆಯನ್ನು ಬೇರೆ ಕಡೆಗೂ ಹಿಡಿದು ನೋಡತೊಡಗಿದೆ. ನಮ್ಮ ಕಡೆ ಪಶು ಆಸ್ಪತ್ರೆಗೆ 'ದನದ ದವಾಖಾನಿ' ಅನ್ನುತ್ತೇವೆ. ಹೆಸರಲ್ಲೇ ಯಾರಿಗೆ ಮದ್ದು ಎಂದು ತೀರ್ಮಾನವಾಗಿದೆ. ಅಂಗಳದಲ್ಲಿ ಎತ್ತು ನಿಲ್ಲಿಸುವ ಕಬ್ಬಿಣದ ಚೌಕಟ್ಟು ಇರುತ್ತದೆ. ಕಾಲುಬಾಯಿ ಬೇನೆಗೆ ಲಸಿಕೆ ಇದೆ, 2022ರಲ್ಲಿ ಚರ್ಮಗಂಟು ರೋಗ ಬಂದಾಗ ಡಾಕ್ಟರುಗಳು ಹಳ್ಳಿ ಹಳ್ಳಿ ತಿರುಗಿದರು, ಈಗ 1962ಕ್ಕೆ ಫೋನ್ ಮಾಡಿದರೆ ಬರುವ ಪಶು ಸಂಜೀವಿನಿ ವ್ಯಾನು ಇದೆ. ಬೇಡ ಎನ್ನುತ್ತಿಲ್ಲ, ಎತ್ತು ಸತ್ತರೆ ಒಂದು ಮನೆಯೇ ಕುಸಿಯುತ್ತದೆ. ನಾಯಿಗಳಲ್ಲೂ ನಮ್ಮ ಜಿಲ್ಲೆಯ ಮುಧೋಳ ನಾಯಿಗೆ 2005ರಲ್ಲಿ ಅಂಚೆಚೀಟಿ ಬಂತು, ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವಿದೆ, ಸೈನ್ಯದವರೂ ತರಬೇತಿಗೆ ಒಯ್ದರು. ಮೋತ್ಯಾನಂಥದ್ದು ಯಾರ ಲೆಕ್ಕದಲ್ಲೂ ಇಲ್ಲ. ಪ್ರಯೋಜನ ನೋಡಿ ಮದ್ದು ಕೊಡುವುದು ತಪ್ಪಲ್ಲ, ಅದನ್ನೇ ಕರುಣೆ ಎಂದು ಕರೆದುಕೊಳ್ಳುವಾಗ ಸ್ವಲ್ಪ ನಾಚಿಕೆ ಇರಲಿ, ಅಷ್ಟೆ.

ದನದ ಮದ್ದು ದನದಲ್ಲೇ ನಿಲ್ಲುವುದೂ ಇಲ್ಲ. ನಾನು ಹುಡುಗನಿದ್ದಾಗ ಸತ್ತ ದನ ಎಳೆದು ಹಾಕುವ ಜಾಗದಲ್ಲಿ ರಣಹದ್ದುಗಳು ಸಾಲುಗಟ್ಟಿ ಕೂರುತ್ತಿದ್ದವು. ಆಮೇಲೆ ಕಾಣೆಯಾದವು. ಯಾರೋ ವಿಷ ಹಾಕಿರಬೇಕು ಎಂದು ಜನ ಮಾತಾಡಿಕೊಂಡರು. ಕಾರಣ ಸಿಕ್ಕಿದ್ದು 2004ರಲ್ಲಿ: ನೋವು, ಬಾವಿಗೆ ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್. ಅದು ಮೈಯಲ್ಲಿರುವಾಗಲೇ ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡ ನಿಂತುಹೋಗುತ್ತಿತ್ತು. ಭಾರತದಲ್ಲಿ 2006ರಲ್ಲಿ ಪಶುಗಳಿಗೆ ಆ ಔಷಧಿ ಕೊಡುವುದನ್ನು ನಿಷೇಧಿಸಿದರು. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದು ನೂರರಲ್ಲಿ ಒಂದೂ ಉಳಿದಿರಲಿಲ್ಲ. ಆ ಇಂಜೆಕ್ಷನ್ ಕೊಟ್ಟ ಒಬ್ಬರ ಮನಸ್ಸಿನಲ್ಲೂ ಹಿಂಸೆ ಇರಲಿಲ್ಲ. ಚೇತನವೇ ಕರ್ಮ ಎಂದು ನಾವು ದಿನಾ ಹೇಳುತ್ತೇವೆ, ಸರಿ. ಆದರೆ ಒಳ್ಳೆಯ ಮನಸ್ಸು ಇತ್ತು ಎಂಬುದು ಹದ್ದಿಗೆ ಏನೂ ಆಗಲಿಲ್ಲ. ನೋವಿಗೆ ಮೆಲಾಕ್ಸಿಕಾಮ್ ಇದೆ, ಅದು ಹದ್ದಿಗೆ ತೊಂದರೆ ಮಾಡುವುದಿಲ್ಲ. ನಿಮ್ಮ ಎತ್ತಿಗೆ ಯಾವುದು ಚುಚ್ಚುತ್ತಾರೆ ಎಂದು ಕೇಳುವುದು ಸಹ ಶೀಲದ ಭಾಗವೇ ಎಂದು ನನಗನಿಸುತ್ತದೆ.

ಕಾಡಿನ ಪ್ರಾಣಿಯ ವಿಷಯಕ್ಕೆ ಬಂದರೆ ಇನ್ನೂ ಕಷ್ಟ. ಭಾವಮೈದುನನ ಹೊಲ ಬೀಳಗಿ ತಾಲೂಕಿನಲ್ಲಿದೆ, 2016ರಲ್ಲಿ ಘೋಷಣೆಯಾದ ಯಡಹಳ್ಳಿ ಚಿಂಕಾರ ವನ್ಯಧಾಮದ ಕಡೆ. ಒಮ್ಮೆ ಕೂಲಿಗೆ ಬಂದ ಹೆಣ್ಣುಮಗಳು ಹುಲ್ಲಿನ ಮರೆಯಲ್ಲಿ ಮುದುರಿ ಕೂತ ಮರಿಯನ್ನು ಕಂಡು, ತಾಯಿ ಬಿಟ್ಟುಹೋಗಿದೆ ಎಂದು ಉಡಿಯಲ್ಲಿ ಎತ್ತಿಕೊಂಡು ಬಂದಳು. ಮನೆ ತುಂಬ ಜನ. ಆಕಳ ಹಾಲು ಕುಡಿಸಿದರು, ಮಕ್ಕಳು ಸರದಿ ಹಚ್ಚಿ ಮೈ ಸವರಿದರು. ನಾನೂ ಸವರಿದೆ, ಕಣ್ಣು ಒದ್ದೆಯಾಗಿತ್ತು. ಅರಣ್ಯದವರಿಗೆ ಫೋನ್ ಮಾಡಿದ್ದು ಸಂಜೆ. ಅವರು ಬಂದು ನೋಡಿ, "ತಾಯಿ ಎಲ್ಲೂ ಹೋಗಿರಲಿಲ್ರಿ. ಮರಿ ಅಡಗಿಸಿಟ್ಟು ಮೇಯಾಕ ಹೋಗ್ತದ, ಹಾಲು ಕೊಡಾಕ ತಿರುಗಿ ಬರ್ತದ" ಎಂದರು. ಮರಿ ಆ ರಾತ್ರಿ ಉಳಿಯಲಿಲ್ಲ. ಇಂಥ ಪ್ರಾಣಿಗಳಿಗೆ ಹಿಡಿತದ ಭಯವೇ ಸಾವು. ಬೆದರಿ ಬೆದರಿ ಮೈಯ ಸ್ನಾಯುಗಳು ಒಳಗೇ ಕೆಡುತ್ತವೆ, ಗಾಯವಿಲ್ಲದೆ ಸಾಯುತ್ತವೆ. ನಾವು ಪ್ರೀತಿಯಿಂದ ಇಟ್ಟ ಒಂದೊಂದು ಕೈಯೂ ಅದಕ್ಕೆ ತೋಳನ ಬಾಯಿಯಾಗಿತ್ತು.

ಸಿದ್ಧಾರ್ಥ ಮತ್ತು ಹಂಸದ ಕತೆ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ನಾನೇ ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಕೊಂದವನಿಗಿಂತ ಕಾಯ್ದವನಿಗೆ ಹಕ್ಕು ಹೆಚ್ಚು ಅಂತ. ಗಾಯ ಮಾಯ್ದ ಮೇಲೆ ಅವನು ಹಂಸವನ್ನು ಹಾರಿಬಿಟ್ಟ ಎಂಬ ಭಾಗವನ್ನು ಗಂಟೆ ಬಾರಿಸುವ ಅವಸರದಲ್ಲಿ ಬಿಟ್ಟುಬಿಡುತ್ತಿದ್ದೆ. ಹಕ್ಕು ಸಿಕ್ಕಿದ್ದು ಬಿಡುವುದಕ್ಕೆ.

ಐದನೆಯ ಶತಮಾನದಲ್ಲಿ ಬುದ್ಧಘೋಷರು ಬರೆದ ವಿಸುದ್ಧಿಮಗ್ಗದಲ್ಲಿ ಬ್ರಹ್ಮವಿಹಾರಗಳ 'ಹತ್ತಿರದ ಶತ್ರು'ಗಳ ಮಾತು ಬರುತ್ತದೆ. ದೂರದ ಶತ್ರುವನ್ನು ಯಾರಾದರೂ ಗುರುತಿಸುತ್ತಾರೆ. ಹತ್ತಿರದವನು ನಮ್ಮವನಂತೆಯೇ ಕಾಣುತ್ತಾನೆ. ಮೈತ್ರಿಗೆ ಮೋಹ, ಕರುಣೆಗೆ ದುಃಖ, ಉಪೇಕ್ಷೆಗೆ ಅರಿವಿಲ್ಲದ ಉದಾಸೀನ. ಮೋತ್ಯಾನ ಪಕ್ಕ ಕೂತು ನಾನು ಅನುಭವಿಸಿದ್ದು ದುಃಖ. ಅದನ್ನು ಕರುಣೆ ಎಂದು ತಿಳಿದಿದ್ದೆ. ದುಃಖಕ್ಕೆ ತನ್ನನ್ನು ಹಗುರ ಮಾಡಿಕೊಳ್ಳುವ ಅವಸರ ಇರುತ್ತದೆ, ಅದಕ್ಕೇ ಗುಳಿಗೆ ಮುರಿಯುತ್ತದೆ.

ಬಾದಾಮಿಯ ಮಂಗಗಳ ವಿಷಯದಲ್ಲೂ ನಾನು ಮೋಸಹೋದೆ. ಹುಣ್ಣಿಮೆಗೆ ಐಹೊಳೆಗೆ ಹೋಗಿ ಮೇಗುತಿ ಗುಡ್ಡದ ಎರಡಂತಸ್ತಿನ ಬೌದ್ಧ ಚೈತ್ಯದಲ್ಲಿ ಕೂತು, ಬರುವಾಗ ಬಾದಾಮಿ ಗುಹೆಗಳ ಮೆಟ್ಟಿಲ ಹತ್ತಿರ ಬಾಳೆಹಣ್ಣು ಹಂಚುವುದು ನನ್ನ ರೂಢಿಯಾಗಿತ್ತು. ಒಂದು ವರ್ಷ ಹೆಣ್ಣು ಮಂಗವೊಂದು ಕರೆಂಟಿನ ತಂತಿಗೆ ಸುಟ್ಟ ಮುಂಗೈ ಎದೆಗೊತ್ತಿಕೊಂಡು, ಹೊಟ್ಟೆಗೆ ಮರಿ ಅಂಟಿಸಿಕೊಂಡು ಬಂತು. ಹಿಡಿದು ಮದ್ದು ಮಾಡಿಸಿ ಎಂದು ಗಲಾಟೆ ಮಾಡಿದೆ. ಪರಿಚಯದ ಪಶುವೈದ್ಯರೊಬ್ಬರು ಸಮಾಧಾನದಿಂದ ಹೇಳಿದರು: "ಅರಿವಳಿಕೆ ಜಾಸ್ತಿ ಆದ್ರ ಸಾಯ್ತದ, ಕಡಿಮಿ ಆದ್ರ ಅರ್ಧ ಅಮಲಿನ್ಯಾಗ ಬಂಡಿ ಮ್ಯಾಲಿಂದ ಬೀಳ್ತದ. ಹಿಡದು ಒಂದು ತಿಂಗಳು ಇಟ್ಕೊಂಡ್ರ ಗುಂಪು ತಿರುಗಿ ಸೇರಿಸ್ಕೊಳ್ಳೂದು ಕಷ್ಟ. ಗಾಯ ಒಣಗಾಕ ಹತ್ತೈತಿ, ತಿನ್ನಾಕ ಹತ್ತೈತಿ. ನೋಡೂಣ್ರಿ." ಮರುವರ್ಷ ಅದನ್ನೇ ಕಂಡೆ. ಮೊಂಡುಗೈಯಿಂದಲೇ ಬಂಡೆ ಏರುತ್ತಿತ್ತು. ಮರಿ ದೊಡ್ಡದಾಗಿತ್ತು.

ಅವರು ಇನ್ನೊಂದು ಮಾತನ್ನೂ ಹೇಳಿದ್ದರು. ಗುಡ್ಡದಲ್ಲಿ ಕಾಯಿ, ಚಿಗುರು, ಹುಳ ತಿಂದಿರುವ ಮಂಗ ರಸ್ತೆಗೂ ತಂತಿಗೂ ಇಳಿದು ಬರುವುದು ನಮ್ಮಂಥವರ ಹಣ್ಣು ಬಿಸ್ಕತ್ತಿಗೆ. ಕೈಗೆ ಕೈ ತಾಗಿದರೆ ನಮ್ಮ ರೋಗ ಅದಕ್ಕೆ, ಅದರದು ನಮಗೆ. ಆ ಕೈ ಸುಟ್ಟದ್ದರಲ್ಲಿ ನನ್ನ ಬಾಳೆಹಣ್ಣಿನ ಪಾಲು ಎಷ್ಟು? ಅಂದಿನಿಂದ ಒಯ್ಯುವುದು ಬಿಟ್ಟೆ. ಖಾಲಿ ಕೈಯಲ್ಲಿ ಅವುಗಳ ಮುಂದೆ ಹಾಯ್ದು ಬರುವುದು ಮೊದಮೊದಲು ಬಹಳ ಕಠಿಣವಾಯಿತು, ನಗಬೇಡಿ.

ಹಾಗಾದರೆ ಕಾಡಿನದು ಕಾಡಿಗೆ ಎಂದು ಕೈ ಕಟ್ಟಿ ಕೂರುವುದೇ? ಅದು ಉಪೇಕ್ಷೆಯ ಹತ್ತಿರದ ಶತ್ರು. ನನಗೆ ತೋಚಿದ್ದು ಇಷ್ಟು: ತೋಳ ಕುರಿ ಹಿಡಿಯುವುದು, ಬರದಲ್ಲಿ ಮರಿ ಸೊರಗುವುದು ನಮ್ಮ ಲೆಕ್ಕವಲ್ಲ. ತಂತಿ ನಮ್ಮದು, ಲಾರಿ ನಮ್ಮದು, ಕಟ್ಟೆಯಿಲ್ಲದೆ ಬಾಯ್ತೆರೆದ ಹೊಲದ ಬಾವಿ ನಮ್ಮದು. ಅಲ್ಲಿ ಆದ ಗಾಯಕ್ಕೆ ನಾವು ಸಾಲಗಾರರು. ಆ ಗಾಯಕ್ಕೂ ಕೈ ಹಾಕುವವರು ತಿಳಿದವರಾಗಿರಬೇಕು. ಅರಣ್ಯದವರಿಗೆ ತಿಳಿಸಿ, ಜನ ಸೇರದಂತೆ ನೋಡಿಕೊಂಡು, ದೂರ ನಿಲ್ಲಬೇಕು. ಫೋಟೋ ತೆಗೆಯಲು ಹತ್ತಿರ ಹೋಗುವುದೂ ಬೇಡ.

ಅಶೋಕ ಮನುಷ್ಯರಿಗೂ ಪಶುಗಳಿಗೂ ಆಸ್ಪತ್ರೆ ಕಟ್ಟಿಸಿದ ಎಂಬ ಫಾರ್ವರ್ಡ್ ನಮ್ಮ ಗುಂಪಿಗೇ ನಾಲ್ಕು ಸಲ ಬಂದಿದೆ, ಒಮ್ಮೆ ಮಸ್ಕಿ ಶಾಸನದ ಫೋಟೋ ಹಚ್ಚಿಕೊಂಡು. 1915ರಲ್ಲಿ ಸಿಕ್ಕ ಮಸ್ಕಿ ಶಾಸನದ ಹೆಚ್ಚುಗಾರಿಕೆ ಅಶೋಕ ಎಂಬ ಹೆಸರು ಅಲ್ಲಿರುವುದು. ಚಿಕಿತ್ಸೆಯ ಮಾತು ಇರುವುದು ಎರಡನೆಯ ಬಂಡೆ ಶಾಸನದಲ್ಲಿ, ನಮಗೆ ಹತ್ತಿರದ್ದೆಂದರೆ ಕರ್ನೂಲು ಜಿಲ್ಲೆಯ ಎರ್ರಗುಡಿಯದು. ಅದರಲ್ಲೂ ಇರುವುದು ಆಸ್ಪತ್ರೆ ಎಂಬ ಪದವಲ್ಲ, ಎರಡು ಬಗೆಯ ಚಿಕಿತ್ಸೆ ಎಂದು, ಮನುಷ್ಯರದು ಮತ್ತು ಪಶುಗಳದು. ಅದರ ಬೆನ್ನಿಗೇ ಔಷಧಿಯ ಗಿಡ ಇಲ್ಲದ ಕಡೆ ತರಿಸಿ ನೆಡಿಸಿದ್ದು, ದಾರಿಗಳಲ್ಲಿ ಬಾವಿ ತೋಡಿಸಿ ಮರ ಹಚ್ಚಿಸಿದ್ದು ಬರುತ್ತದೆ, ಅದೂ ಪಶು ಮತ್ತು ಮನುಷ್ಯ ಇಬ್ಬರ ಉಪಯೋಗಕ್ಕೆಂದು. ಮೊದಲೆಲ್ಲ ಇದನ್ನು ರಾಜನ ಪುಣ್ಯಕಾರ್ಯಗಳ ಪಟ್ಟಿ ಎಂದು ಓದುತ್ತಿದ್ದೆ. ಈಗ ನೀರು ನೆರಳೂ ಚಿಕಿತ್ಸೆಯೊಳಗೇ ಸೇರಿವೆ ಎಂದು ಓದುತ್ತೇನೆ. ಮುಟ್ಟಬಾರದ ಪ್ರಾಣಿಗೆ ಕೊಡಬಹುದಾದ ಮದ್ದು ಅದು.

ನವನಗರದ ತಂಗಿಗೆ ಉತ್ತರ ಕೊಡಬೇಕಲ್ಲ. ತಂಗಿ, ಶೀಲ ಮುರಿಯುತ್ತದೆ ಎಂದೇ ನನ್ನ ತಿಳಿವಳಿಕೆ, ಮುರಿಯುವುದಿಲ್ಲ ಎಂದು ಸುಳ್ಳು ಸಮಾಧಾನ ಹೇಳಲಾರೆ. ಆದರೆ ನಾಳೆ ನನ್ನೆದುರು ಇನ್ನೊಂದು ಮೋತ್ಯಾ ಬಂದರೆ ಮೊದಲು ಡಾಕ್ಟರನ್ನು ಕೇಳುವೆ: ನೋವು ತಡೆದು ಎಷ್ಟು ದಿನ ಇಡಬಹುದು, ಹೇಗೆ? ಅವರು ಹೇಳಿದಂತೆ ದಿನಾ ಹೋಗುವೆ, ಹುಳ ನಾನೇ ತೆಗೆಯುವೆ. ನೋವು ಯಾವ ಮದ್ದಿಗೂ ಬಗ್ಗುವುದಿಲ್ಲ ಎಂದು ಅವರು ಹೇಳುವ ದಿನ ಬಂದರೆ ಹೂಂ ಅನ್ನುವೆ, ಅದರ ತಲೆ ನನ್ನ ತೊಡೆಯ ಮೇಲಿಟ್ಟುಕೊಂಡು. ಆ ತಪ್ಪು ನನ್ನ ಹೆಸರಲ್ಲೇ ಇರಲಿ. ಇದನ್ನು ಒಪ್ಪದ ಹಿರಿಯರು ಬಳಗದಲ್ಲಿದ್ದಾರೆ, ಅವರ ಮಾತೂ ಬರಲಿ, ಕೇಳಲು ಕಾದಿದ್ದೇನೆ.

ಕೊನೆಗೊಂದು ಕೆಲಸದ ಮಾತು. ನಮ್ಮ ಓಣಿಯ ಹೊರಗೆ ಹಳೆಯ ಕಲ್ಲಿನ ದೋಣಿಯೊಂದು ಬಿದ್ದಿತ್ತು. ಕಳೆದ ಬೇಸಿಗೆಯಿಂದ ಹೆಂಡತಿ ದಿನಾ ನಾಲ್ಕು ಕೊಡ ನೀರು ಹಾಕುತ್ತಾಳೆ, ವಾರಕ್ಕೊಮ್ಮೆ ತಿಕ್ಕಿ ತೊಳೆಯುವುದು ನನ್ನ ಪಾಲು. ಹಗಲು ಎಮ್ಮೆ, ನಾಯಿ, ಗುಬ್ಬಿ ಬರುತ್ತವೆ. ಬೆಳಗ್ಗೆ ನೋಡಿದರೆ ಕೆಸರಿನಲ್ಲಿ ನಮ್ಮ ಓಣಿಯವಲ್ಲದ ಹೆಜ್ಜೆಗಳೂ ಇರುತ್ತವೆ. ಬೀಳಗಿ ಹೊಲದಲ್ಲೂ ಒಂದು ಇಡಿಸಬೇಕೆಂದಿದ್ದೇವೆ, ಮನೆಯಿಂದ ದೂರ, ಬೇಲಿಯಾಚೆ. ದೋಣಿ ಕಡಿಯುವವರು ಯಾರಾದರೂ ಗೊತ್ತಿದ್ದರೆ ನನಗೆ ಬೇರೆಯಾಗಿ ಮೆಸೇಜ್ ಹಾಕಿ.